ಹಳೆಮನೆಯ ತೆರಿಗೆ: ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸುವ ಕ್ರಮ

ಕೇರಳದಲ್ಲಿ ಹಳೆಮನೆಯ ಪಂಚಾಯತ್ ತೆರಿಗೆ ಇಳಿಸಬೇಕೆಂದು ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಬೇಕಿದ್ದರೆ ಮೊದಲು ರಶೀದಿ ನೋಡಿ. ಜಾಗದ ತೀರ್ವೆ (ಭೂಕಂದಾಯ), ಮನೆ ಕಟ್ಟಿದಾಗ ಒಂದೇ ಸಲ ಕೊಡುವ ಕಟ್ಟಡ ತೆರಿಗೆ, ಎರಡೂ ಕಂದಾಯ ಇಲಾಖೆಯ ವಿಲ್ಲೇಜ್ ಆಫೀಸಿನವು. ಗ್ರಾಮಸಭೆಯಲ್ಲಿ ಎತ್ತಬೇಕಾದ್ದು ಮನೆ ನಂಬ್ರದ ಮೇಲೆ ಪಂಚಾಯತ್ ವರ್ಷವರ್ಷ ವಸೂಲು ಮಾಡುವ ತೆರಿಗೆ. ಇವನ್ನು ಕಲಸಿ ಬರೆದ ಅರ್ಜಿ ಮೊದಲ ದಿನವೇ ಬದಿಗೆ ಬೀಳುತ್ತದೆ.

ನಿರ್ಣಯ ಬೇಕಾಗದವರೂ ಇದ್ದಾರೆ. 60 ಚದರ ಮೀಟರ್, ಅಂದರೆ ಸುಮಾರು 645 ಚದರಡಿಯೊಳಗಿನ ಸ್ವಂತ ಮನೆಯಲ್ಲಿ ತಾವೇ ವಾಸವಾಗಿದ್ದರೆ 2023ರಿಂದ ವಿನಾಯಿತಿ ಉಂಟು; ಒಬ್ಬರಿಗೆ ಒಂದೇ ಮನೆ, ಫ್ಲಾಟಿಗೆ ಇಲ್ಲ. ಟೇಪನ್ನು ಗೋಡೆಯ ಹೊರಬದಿಯಿಂದ ಹಿಡಿಯಿರಿ. 9 ಮೀಟರ್ ಉದ್ದ, 6.5 ಅಗಲದ ಮನೆ 58.5 ಆಗುತ್ತದೆ, ಹಿಂದೆ ಒಂದು ಅಡಿಗೆಕೋಣೆ ಸೇರಿಸಿದ್ದರೆ 60 ದಾಟಿತು.

ಉಳಿದವರಿಗೆ ಗ್ರಾಮಸಭೆ. ಕೇರಳದಲ್ಲಿ ಇದು ವಾರ್ಡಿನ ಮತದಾರರ ಸಭೆ, ವಾರ್ಡಿಗೊಂದು, ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಕಾಯಲಾಗದಿದ್ದರೆ ವಾರ್ಡಿನ ಮತದಾರರಲ್ಲಿ ನೂರಕ್ಕೆ ಹತ್ತು ಮಂದಿ ಸಹಿ ಹಾಕಿ, ಅಜೆಂಡಾ ಸಮೇತ ಸಂಚಾಲಕರಾದ ವಾರ್ಡ್ ಮೆಂಬರರಿಗೆ ಕೊಡಿ. 15 ದಿನದೊಳಗೆ ವಿಶೇಷ ಸಭೆ ಕರೆಯಬೇಕು. 1,200 ಮತದಾರರಿದ್ದರೆ 120 ಸಹಿ. 140 ಮಾಡಿಸಿಡಿ, ಪಟ್ಟಿಯ ಕ್ರಮಸಂಖ್ಯೆ ತಪ್ಪಿದವು ಹೇಗೂ ಹಾರುತ್ತವೆ. ಕೋರಂ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ ಕೂಡ ನೂರಕ್ಕೆ ಹತ್ತು ಮಂದಿಯೇ. ಅಡಿಕೆ ಕೊಯ್ಲಿನ ದಿನ ಸಭೆ ಇಟ್ಟರೆ ಕುರ್ಚಿ ಮಾತ್ರ ಬರುತ್ತವೆ.

ಹೆಚ್ಚಿನವರು ಎಡವುವುದು ಒಕ್ಕಣೆಯಲ್ಲಿ. ಗ್ರಾಮಸಭೆಯ ನಿರ್ಣಯ ಬರೀ ಶಿಫಾರಸು. ಪಂಚಾಯತ್ ಅದನ್ನು ಪರಿಗಣಿಸಬೇಕು, ಒಪ್ಪಲೇಬೇಕೆಂದಿಲ್ಲ. ‘ಮೂವತ್ತು ವರ್ಷದಿಂದ ಇದ್ದವರಿಗೆ ತೆರಿಗೆ ಬೇಡ’ ಎಂದು ಬರೆದರೆ ಪಂಚಾಯತಿಗೆ ಮನಸ್ಸಿದ್ದರೂ ಮಾಡಲಾಗದು: ಕಟ್ಟಡದ ಹಳತನಕ್ಕೆ ನಿಯಮದಲ್ಲಿ ರಿಯಾಯಿತಿ ಉಂಟು, ಮಾಲಿಕರು ಎಷ್ಟು ವರ್ಷ ವಾಸವಿದ್ದರು ಎಂಬುದಕ್ಕಲ್ಲ. ತೆರಿಗೆ ವರ್ಷಕ್ಕೆ 5 ಶೇಕಡಾ ಏರುವುದೂ ಸರಕಾರದ್ದೇ ತೀರ್ಮಾನ. ಹಾಗಾಗಿ ಬೇಡಿಕೆಯನ್ನು ಮೂರಾಗಿ ಒಡೆಯಿರಿ. ಸರಕಾರ ಕೊಟ್ಟ ಮಿತಿಯೊಳಗೆ ವಾಸದ ಮನೆಗಳ ದರವನ್ನು ಕೆಳಗೆ ಇಡಬೇಕು. ಹಳೆಮನೆಗಳಿಗೆ ವಯಸ್ಸಿನ ಕಡಿತ ಸಿಕ್ಕಿದೆಯೇ ಎಂದು ರಿಜಿಸ್ಟರ್ ಪರಿಶೀಲಿಸಬೇಕು. ದೀರ್ಘಕಾಲದ ವಾಸಿಗಳ ವಿನಾಯಿತಿಗೆ ಪಂಚಾಯತ್ ಸರಕಾರಕ್ಕೆ ಬರೆಯಬೇಕು. ಮೊದಲೆರಡು ಪಂಚಾಯತಿನ ಕೈಯಲ್ಲೇ ಇವೆ.

ಅರ್ಜಿ ಕನ್ನಡದಲ್ಲೇ ಇರಲಿ. ಕನ್ನಡಿಗರು ಭಾಷಾ ಅಲ್ಪಸಂಖ್ಯಾತರಾಗಿರುವ ಪ್ರದೇಶದ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಲು, ಕನ್ನಡದಲ್ಲೇ ಉತ್ತರ ಪಡೆಯಲು 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಅವಕಾಶ ಕೊಟ್ಟಿದೆ. ಆದರೆ ಮಿನಿಟ್ಸ್ ಮಲಯಾಳದಲ್ಲಿ ಬರೆದರೆ, ಸಭೆ ಮುಗಿಯುವ ಮೊದಲೇ ಮಲಯಾಳ ಬಲ್ಲ ಒಬ್ಬರು ಗಟ್ಟಿಯಾಗಿ ಓದಲಿ. ‘ದರ ಇಳಿಸಬೇಕು’ ಎಂದದ್ದು ‘ಚರ್ಚಿಸಲಾಯಿತು’ ಎಂದಾಗಿದ್ದರೆ ಅಲ್ಲೇ ತಿದ್ದಿಸಿ. ಕೈಯೆತ್ತಿದವರ ಲೆಕ್ಕವನ್ನೂ ಬರೆಸಿ. ಹಾಜರಿದ್ದವರ ಬಹುಮತ ಸಾಕು.

ಆಮೇಲೆ ನಿರ್ಣಯದ ನಕಲು ಪಡೆದು ಪಂಚಾಯತ್ ಕಾರ್ಯದರ್ಶಿಗೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಉತ್ತರ ಬರುವವರೆಗೆ ತೆರಿಗೆ ಬಾಕಿ ಇಡಬೇಡಿ. ಶಿಫಾರಸು ನಡೆಯುತ್ತಿದೆ ಎಂದರೆ ದಂಡಬಡ್ಡಿ ನಿಲ್ಲುವುದಿಲ್ಲ.