ಹಳೇ ಪಿಎಸ್4ಗೆ ಎಸ್‌ಎಸ್‌ಡಿ ಹಾಕಿಕೊಂಡೆ

ನನ್ನ ಪಿಎಸ್4 (ಸೋನಿಯ ಗೇಮ್ ಯಂತ್ರ, ಪ್ಲೇಸ್ಟೇಷನ್ 4) ಮೊದಲ ಮಾಡೆಲ್, 500 ಜಿಬಿಯದು. ಒಳಗಿರೋದು ನಿಮಿಷಕ್ಕೆ 5400 ಸುತ್ತು ತಿರುಗೋ ಹಾರ್ಡ್ ಡಿಸ್ಕ್. ಜಿಟಿಎ 5 ಹಚ್ಚಿದರೆ ಲೋಡ್ ಆಗೋದರೊಳಗೆ ಅಣ್ಣನ ಮಗ ಎದ್ದು ಅಡುಗೆಮನೆ ಸೇರುತ್ತಿದ್ದ. "ಕಾಕಾ, ಪಿಎಸ್5 ತಗೊಂಡ್ಬಿಡು" ಅಂತ ಅವನ ಸಲಹೆ. ರೊಕ್ಕ ಮಾತ್ರ ಕಾಕಾನದು.

ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ, ಅಂದರೆ ತಿರುಗೋ ಭಾಗವಿಲ್ಲದ ಚಿಪ್‌ಗಳ ಡಿಸ್ಕ್, ಹಾಕೋಣ ಅಂತ ಹುಬ್ಬಳ್ಳಿ ಕೊಪ್ಪೀಕರ್ ರಸ್ತೆಯ ಒಂದು ಅಂಗಡಿಯಲ್ಲಿ ಕೇಳಿದೆ. "ಎನ್‌ವಿಎಂಇ ಒಯ್ರಿ ಸರ, ಭಾಳ ಫಾಸ್ಟ್ ಐತಿ" ಅಂದರು. ಅದು ಬೇರೆ ಥರದ ಎಸ್‌ಎಸ್‌ಡಿ, ಪಿಎಸ್4 ಒಳಗೆ ಕೂರೋದೇ ಇಲ್ಲ. ಬೇಕಾದದ್ದು 2.5 ಇಂಚಿನ ಸಾಟಾ ಎಸ್‌ಎಸ್‌ಡಿ. ದಪ್ಪ 9.5 ಮಿ.ಮೀ. ಮೀರಬಾರದು, ಆದರೆ ಎಸ್‌ಎಸ್‌ಡಿಗಳು ಸಾಮಾನ್ಯವಾಗಿ 7 ಮಿ.ಮೀ. ಇರುತ್ತವೆ. ದುಬಾರಿದೂ ಬೇಡ. ಸಾಟಾ ಅಂದರೆ ಡಿಸ್ಕ್ ಜೋಡಿಸೋ ಕಿಂಡಿಯ ಬಗೆ. ಈ ಮಾಡೆಲ್‌ನಲ್ಲಿರೋದು ಹಳೇ ಸಾಟಾ 2, ಸೆಕೆಂಡಿಗೆ 300 ಎಂಬಿ ದಾಟೋದಿಲ್ಲ. ಡಬ್ಬಿ ಮೇಲೆ 550 ಅಂತ ಬರೆದಿದ್ದರೂ ಅಷ್ಟೇ. ಜಾಸ್ತಿ ದುಡ್ಡು ಹಾಕೋದಿದ್ದರೆ ಜಾಗಕ್ಕೆ ಹಾಕಿ. ನಾನು ಸಾಧಾರಣ ಕಂಪನಿಯ 1 ಟಿಬಿ ತಂದೆ.

ಬಿಚ್ಚೋ ಮುಂಚೆ ಸೇವ್‌ಗಳನ್ನೆಲ್ಲ ಪೆನ್‌ಡ್ರೈವ್‌ಗೆ ಕಾಪಿ ಮಾಡಿದೆ. ಟ್ರೋಫಿಗಳು ಹೀಗೆ ಬರೋದಿಲ್ಲ, ಅವನ್ನು ಸೋನಿಯ ಆನ್‌ಲೈನ್ ಸೇವೆ ಪಿಎಸ್‌ಎನ್‌ಗೆ ಸಿಂಕ್ ಮಾಡಬೇಕು. ಗೇಮ್‌ಗಳ ಗೋಜಿಗೆ ಹೋಗಲಿಲ್ಲ, ಮತ್ತೆ ಇನ್‌ಸ್ಟಾಲ್ ಮಾಡಿದರಾಯ್ತು.

ಬಿಚ್ಚೋದು ಬಲು ಸುಲಭ. ಮೇಲಿನ ಹೊಳೆಯೋ ಮುಚ್ಚಳವನ್ನು ಎಡಕ್ಕೆ ಜರುಗಿಸಿದರೆ ಬಂದುಬಿಡುತ್ತೆ. ನಮ್ಮೂರ ಧೂಳೆಲ್ಲ ಅಲ್ಲೇ ಕೂತಿತ್ತು! ತ್ರಿಕೋನ, ವೃತ್ತ, ಇಂಟು ಗುರುತು, ಚೌಕ ಕೊರೆದ ಒಂದೇ ಸ್ಕ್ರೂ ಇದೆ. ಅದನ್ನು ಬಿಚ್ಚಿ ಟ್ರೇ ಎಳೆಯಬೇಕು. ಟ್ರೇಯ ಪಕ್ಕದಲ್ಲಿ ಮತ್ತೆ ನಾಲ್ಕು, ಇವು ಬಿಗಿ. ತುದಿ ಸವೆದ ಸ್ಕ್ರೂಡ್ರೈವರ್ ಹಚ್ಚಿದರೆ ತಲೆ ಕಿತ್ತು ಹೋಗುತ್ತೆ. ಒತ್ತಿ ಹಿಡಿದು ನಿಧಾನಕ್ಕೆ ತಿರುಗಿಸಿ.

ಎಡವೋದು ಸಾಫ್ಟ್‌ವೇರ್‌ನಲ್ಲಿ. ಹೊಸ ಡಿಸ್ಕ್ ಖಾಲಿ ಅಲ್ವಾ, ಅದಕ್ಕೆ ಮಾಮೂಲಿ ಅಪ್‌ಡೇಟ್ ಫೈಲ್ ಸಾಲದು. ಸೋನಿ ಸೈಟಿನಲ್ಲಿ ರೀಇನ್‌ಸ್ಟಾಲ್‌ಗೆ ಅಂತಲೇ ಇರೋ ದೊಡ್ಡ ಫೈಲ್, ಸುಮಾರು 1 ಜಿಬಿಯದು, ಇಳಿಸಿಕೊಳ್ಳಿ. ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್‌ನಲ್ಲಿ 'ಪಿಎಸ್4' ಫೋಲ್ಡರ್, ಅದರೊಳಗೆ 'ಅಪ್‌ಡೇಟ್' ಫೋಲ್ಡರ್ ಮಾಡಿ ಫೈಲನ್ನು ಅಲ್ಲಿಡಿ. ಎರಡರ ಹೆಸರೂ ಇಂಗ್ಲಿಷಿನ ದೊಡ್ಡಕ್ಷರದಲ್ಲೇ ಇರಲಿ. ಪವರ್ ಬಟನ್ ಒತ್ತಿ ಹಿಡಿದರೆ ಸುಮಾರು ಏಳು ಸೆಕೆಂಡಿಗೆ ಎರಡನೇ ಬೀಪ್ ಬರುತ್ತೆ, ಆಗ ಬಿಡಿ. ಕಂಟ್ರೋಲರ್‌ಗೆ ವೈರ್ ಹಾಕಿ, ಪರದೆ ಮೇಲೆ ಬರೋ ಸೇಫ್ ಮೋಡ್ ಪಟ್ಟಿಯಲ್ಲಿ ರೀಇನ್‌ಸ್ಟಾಲ್‌ನ 7ನೇ ಆಯ್ಕೆ ಒತ್ತಿ. ಮಳೆಗಾಲದ ಸಂಜೆ ಈ ಕೆಲಸ ಇಟ್ಟುಕೊಳ್ಳಬೇಡಿ, ನಡುವೆ ಕರೆಂಟ್ ಹೋದರೆ ಮತ್ತೆ ಮೊದಲಿಂದ.

ಫಲ? ಜಿಟಿಎ ಲೋಡ್ ಆಗೋ ಹೊತ್ತಿನಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಕಡಿತವಾಯಿತು. ಮೆನು ತಡವರಿಸೋದು ನಿಂತಿತು, ನನಗೆ ಅದೇ ದೊಡ್ಡ ಸಮಾಧಾನ. ಪಿಎಸ್5 ಥರ ಕಣ್ಣು ಮಿಟುಕಿಸೋದರಲ್ಲಿ ಏನೂ ಆಗಲ್ಲ. ಡಿಸ್ಕಿನಿಂದ ಬಂದ ಫೈಲ್‌ಗಳನ್ನು ಆಟಕ್ಕೆ ಸಜ್ಜು ಮಾಡೋದು ಅದೇ ಹಳೇ 1.6 ಗಿಗಾಹರ್ಟ್ಸ್ ಪ್ರೊಸೆಸರ್ ತಾನೇ? ಗ್ರಾಫಿಕ್ಸ್, ಫ್ರೇಮ್ ರೇಟ್ ಸುಧಾರಿಸುತ್ತೆ ಅಂತ ಯಾರಾದರೂ ಅಂದರೆ ನಂಬಬೇಡಿ.

ತೆಗೆದ ಡಿಸ್ಕನ್ನು ಎಸೆಯಲಿಲ್ಲ. ಯುಎಸ್‌ಬಿ 3.0 ಕೇಸಿಂಗ್‌ಗೆ ಹಾಕಿ ಎಕ್ಸ್‌ಟೆಂಡೆಡ್ ಸ್ಟೋರೇಜ್ (ಗೇಮ್ ಇಡೋಕೆ ಹೊರಗಿನ ಹೆಚ್ಚುವರಿ ಜಾಗ) ಮಾಡಿಕೊಂಡೆ. ಅದಕ್ಕೆ ಕನಿಷ್ಠ 250 ಜಿಬಿ ಇದ್ದರೆ ಸಾಕು. ಅಪರೂಪಕ್ಕೆ ಆಡೋ ಗೇಮ್‌ಗಳು ಈಗ ಅಲ್ಲಿವೆ. ಹೀಗೆ ಮಾಡಿದರೆ ಡಿಸ್ಕ್ ಪೂರ್ತಿ ಅಳಿಸಿಹೋಗುತ್ತೆ, ಹಾಗಾಗಿ ನಿಮ್ಮ ಸೇವ್‌ಗಳು ಎಸ್‌ಎಸ್‌ಡಿಯಲ್ಲಿ ತೆರೆಯುತ್ತವಾ ಅಂತ ಮೊದಲು ಆಡಿ ನೋಡಿಕೊಳ್ಳಿ.