ಕೊರೆಯುವ ಚಳಿಯಲ್ಲಿ ಹಳೆಯ ಎಂಜಿಬಿಯನ್ನು ಚಾಲೂ ಮಾಡುವುದು ಹೇಗೆ?

ಬ್ರಿಟನ್ನಿನ ಜನವರಿ ತಿಂಗಳ ಬೆಳಿಗ್ಗೆ, ಗಾಜಿನ ಮೇಲೆ ಮಂಜು ಗಟ್ಟಿಯಾಗಿ ಕೂತಿರುವಾಗ, ಮನೆಯ ಮುಂದೆ ನಿಂತ ಎಂಜಿಬಿ ಸ್ಪೋರ್ಟ್ಸ್ ಕಾರು ಸೆಲ್ಫ್ ಹೊಡೆದರೆ ನರಳುತ್ತದೆಯೇ ಹೊರತು ಚಾಲೂ ಆಗುವುದಿಲ್ಲ. ಆಗ ಹೆಚ್ಚಿನವರು ಮಾಡುವ ಮೊದಲ ಕೆಲಸವೆಂದರೆ ಆಕ್ಸಿಲರೇಟರನ್ನು ಪಟಪಟನೆ ತುಳಿಯುವುದು. ಈ ಕಾರಿನ ಮಟ್ಟಿಗೆ ಅದು ಬರೀ ಕಾಲಿನ ವ್ಯಾಯಾಮ. ಗಾಳಿಗೆ ಪೆಟ್ರೋಲ್ ಬೆರೆಸುವ ಸಾಧನವೇ ಕಾರ್ಬ್ಯುರೇಟರ್; ಇದರಲ್ಲಿರುವ ಎಸ್‌ಯು ಕಂಪನಿಯ ಅವಳಿ ಕಾರ್ಬ್ಯುರೇಟರ್‌ಗಳಲ್ಲಿ, ತುಳಿದಾಗ ಪೆಟ್ರೋಲ್ ಚಿಮ್ಮಿಸುವ ಆಕ್ಸಿಲರೇಟರ್ ಪಂಪ್ ಎಂಬುದೇ ಇಲ್ಲ. ಎಷ್ಟು ತುಳಿದರೂ ಒಂದು ಹನಿ ಪೆಟ್ರೋಲೂ ಹೆಚ್ಚಿಗೆ ಹೋಗುವುದಿಲ್ಲ.

1962ರಿಂದ 1980ರವರೆಗೆ ಆಕ್ಸ್‌ಫರ್ಡ್ ಸಮೀಪದ ಆ್ಯಬಿಂಗ್‌ಡನ್‌ನಲ್ಲಿ ಐದು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಈ ಕಾರಿನಲ್ಲಿರುವುದು 1,798 ಸಿಸಿಯ ಬಿ-ಸರಣಿಯ ಎಂಜಿನ್. ನಮ್ಮ ಅಂಬಾಸಡರಿನಲ್ಲಿ ದಶಕಗಳ ಕಾಲ ದುಡಿದ 1,489 ಸಿಸಿ ಎಂಜಿನ್ ಇದೇ ಮನೆತನದ್ದು. ಆದ್ದರಿಂದ ಚೋಕ್ ಎಳೆದು ಗಾಡಿ ಓಡಿಸಿದ ತಲೆಮಾರಿಗೆ ಇಲ್ಲಿನ ತೊಂದರೆ ಅಪರಿಚಿತವೇನಲ್ಲ, ಚಳಿಯ ತೀವ್ರತೆ ಮಾತ್ರ ಬೇರೆ.

ಪೆಟ್ರೋಲ್ ಉರಿಯಬೇಕಾದರೆ ಮೊದಲು ಆವಿಯಾಗಬೇಕು. ಬಿಸಿಯಾದ ಎಂಜಿನ್ನಿಗೆ ತೂಕದ ಲೆಕ್ಕದಲ್ಲಿ 14.7 ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲ್ ಇದ್ದರೆ ಪೂರ್ತಿ ದಹನಕ್ಕೆ ಸಾಕು. ಆದರೆ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಪೆಟ್ರೋಲಿನ ಹಗುರವಾದ ಅಂಶ ಮಾತ್ರ ಆವಿಯಾಗಿ, ಉಳಿದದ್ದು ಕಾರ್ಬ್ಯುರೇಟರಿನಿಂದ ಸಿಲಿಂಡರಿಗೆ ಹೋಗುವ ಕೊಳವೆಯಾದ ಇನ್‌ಲೆಟ್ ಮ್ಯಾನಿಫೋಲ್ಡ್‌ನ ತಣ್ಣನೆಯ ಗೋಡೆಗೆ ಹನಿಯಾಗಿ ಅಂಟಿಕೊಳ್ಳುತ್ತದೆ. ಆವಿಯಾಗುವ ಪಾಲು ಕಡಿಮೆಯಾದ್ದರಿಂದ ಒಟ್ಟು ಪೆಟ್ರೋಲನ್ನೇ ಹೆಚ್ಚಿಗೆ ಕಳಿಸಬೇಕು. ಚೋಕ್ ಇರುವುದು ಇಷ್ಟಕ್ಕೇ.

ಚೋಕ್ ಎಂದರೆ ಗಾಳಿಯ ದಾರಿಯನ್ನು ಮುಚ್ಚುವ ತಗಡು ಎಂದು ಅನೇಕರು ತಿಳಿದಿರುತ್ತಾರೆ. ಬೇರೆ ಹಲವು ಕಾರ್ಬ್ಯುರೇಟರ್‌ಗಳಲ್ಲಿ ಅದು ನಿಜವೂ ಹೌದು. ಎಂಜಿಬಿಯ ಎಸ್‌ಯು ಕಾರ್ಬ್ಯುರೇಟರಿನ ಎಚ್‌ಎಸ್4 ಮಾದರಿಯಲ್ಲಿ ಅಂಥ ತಗಡಿಲ್ಲ. ಮೇಲೆ, ಕಾರ್ಬ್ಯುರೇಟರಿನೊಳಗೇ ಏರಿಳಿಯುವ ಪಿಸ್ಟನ್ನಿಗೆ ಕಚ್ಚಿಕೊಂಡ, ತುದಿಯತ್ತ ಸಣ್ಣಗಾಗುತ್ತ ಹೋಗುವ ಸೂಜಿ. ಕೆಳಗೆ ಆ ಸೂಜಿ ಇಳಿದು ಕೂರುವ ಜೆಟ್, ಅಂದರೆ ಪೆಟ್ರೋಲ್ ಬರುವ ಸಣ್ಣ ಕೊಳವೆ. ಚೋಕಿನ ಗುಂಡಿ ಎಳೆದಾಗ ತಂತಿಯು ಮೊದಲು ಒಂದು ಕ್ಯಾಮನ್ನು ತಿರುಗಿಸಿ ಥ್ರಾಟಲನ್ನು (ಆಕ್ಸಿಲರೇಟರ್ ತುಳಿದಾಗ ತೆರೆಯುವ ಕವಾಟವನ್ನು) ತುಸು ತೆರೆಯುತ್ತದೆ, ಇನ್ನೂ ಎಳೆದರೆ ಜೆಟ್ಟನ್ನೇ ಕೆಳಕ್ಕೆ ಜಗ್ಗುತ್ತದೆ. ಜೆಟ್ ಇಳಿದಷ್ಟೂ ಸೂಜಿಯ ಸಪೂರ ಭಾಗ ಎದುರಾಗಿ, ಸುತ್ತಲಿನ ಸಂದು ಹಿಗ್ಗಿ, ಪೆಟ್ರೋಲ್ ಹೆಚ್ಚು ಹರಿಯುತ್ತದೆ.

ತಯಾರಿ ಹಿಂದಿನ ಸಂಜೆಯೇ ಶುರುವಾಗಬೇಕು. 1974ರವರೆಗಿನ ಕಾರುಗಳಲ್ಲಿ ಸೀಟಿನ ಹಿಂದಿನ ಮುಚ್ಚಳದ ಕೆಳಗೆ ಆರು ವೋಲ್ಟಿನ ಎರಡು ಬ್ಯಾಟರಿಗಳನ್ನು ಒಂದಕ್ಕೊಂದು ಜೋಡಿಸಿರುತ್ತಾರೆ. ನಡುವಿನ ಕೇಬಲಿನ ತುದಿಗೆ ಕಿಲುಬು ಹಿಡಿದರೆ ಎರಡೂ ಬ್ಯಾಟರಿ ಹೊಸದಾಗಿದ್ದೂ ಪ್ರಯೋಜನವಿಲ್ಲ. ವಿಶ್ರಾಂತಿಯಲ್ಲಿರುವಾಗ ಒಟ್ಟು 12.6 ವೋಲ್ಟ್ ತೋರಿಸಬೇಕು. ಡಿಸ್ಟ್ರಿಬ್ಯೂಟರಿನೊಳಗೆ ಕಿಡಿಗಾಗಿ ಕರೆಂಟನ್ನು ಕಡಿಯುವ ಪಾಯಿಂಟ್ಸ್ ನಡುವಿನ ಅಂತರ 0.35ರಿಂದ 0.40 ಮಿ.ಮೀ., ಪ್ಲಗ್ಗಿನದು ಸುಮಾರು 0.63 ಮಿ.ಮೀ. ಇರಲಿ. ಟ್ಯಾಂಕಿನಲ್ಲಿ ಬೇಸಿಗೆಯ ಪೆಟ್ರೋಲ್ ಉಳಿದಿದ್ದರೆ ಅದನ್ನು ಮೊದಲು ಓಡಿಸಿ ಮುಗಿಸುವುದು ಲೇಸು, ಏಕೆಂದರೆ ಬ್ರಿಟನ್ನಿನಲ್ಲಿ ಚಳಿಗಾಲದಲ್ಲಿ ಮಾರುವ ಪೆಟ್ರೋಲ್ ಬೇಗ ಆವಿಯಾಗುವಂತೆ ತಯಾರಾಗಿರುತ್ತದೆ.

ಬೆಳಿಗ್ಗೆ ಕಾರಿನಲ್ಲಿ ಕೂತು ಕೀಲಿಯನ್ನು ಇಗ್ನಿಷನ್‌ವರೆಗೆ ಮಾತ್ರ ತಿರುಗಿಸಿ ಸುಮ್ಮನೆ ಆಲಿಸಿ. ಹಿಂಬದಿಯಿಂದ ಎಲೆಕ್ಟ್ರಿಕ್ ಪೆಟ್ರೋಲ್ ಪಂಪು ಟಕಟಕ ಎಂದು ಬಡಿಯುತ್ತದೆ. ಕಾರ್ಬ್ಯುರೇಟರ್‌ಗಳಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲುಗಳಾದ ಫ್ಲೋಟ್ ಚೇಂಬರ್‌ಗಳು ತುಂಬುತ್ತಿದ್ದಂತೆ ಬಡಿತ ನಿಧಾನವಾಗಿ, ಕೊನೆಗೆ ನಿಲ್ಲುತ್ತದೆ. ಅದು ನಿಲ್ಲುವ ಮೊದಲು ಸೆಲ್ಫ್ ಹೊಡೆಯಬೇಡಿ. ಆ ಸದ್ದು ನಿಲ್ಲದೇ ಮುಂದುವರಿದರೆ ಒಂದೋ ಟ್ಯಾಂಕ್ ಖಾಲಿ, ಇಲ್ಲವೇ ಎಲ್ಲೋ ಸೋರಿಕೆ.

ಈಗ ಚೋಕನ್ನು ಪೂರ್ತಿ ಎಳೆದು, ಗುಂಡಿಯನ್ನು ತಿರುವಿ ಅಲ್ಲೇ ನಿಲ್ಲಿಸಿ. ಕ್ಲಚ್ ಒತ್ತಿ ಹಿಡಿಯಿರಿ. ಗೇರ್‌ಬಾಕ್ಸಿನಲ್ಲಿಯೂ ಎಂಜಿನ್ನಿನದೇ 20ಡಬ್ಲ್ಯು-50 ಆಯಿಲ್ ಇರುವುದರಿಂದ, ಚಳಿಗೆ ಜೇನಿನಂತಾದ ಅದನ್ನೂ ಕಡೆಯುವ ಹೊರೆ ಸ್ಟಾರ್ಟರ್ ಮೋಟರಿಗೆ ತಪ್ಪುತ್ತದೆ. ಆಕ್ಸಿಲರೇಟರಿನ ಮೇಲೆ ಕಾಲಿಡಬೇಡಿ. ಥ್ರಾಟಲ್ ಹೆಚ್ಚು ತೆರೆದರೆ ಚೋಕ್ ಮಾಡುತ್ತಿರುವ ಕೆಲಸವೇ ಕೆಡುತ್ತದೆ. ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯದೆ, ನಡುವೆ ಅರ್ಧ ನಿಮಿಷ ಬ್ಯಾಟರಿಗೆ ಬಿಡುವು ಕೊಡಿ.

ಎಂಜಿನ್ ಹೊತ್ತಿಕೊಂಡ ಕೆಲವೇ ಸೆಕೆಂಡುಗಳಲ್ಲಿ, ಅದು ನಯವಾಗಿ ಓಡುವಷ್ಟರ ಮಟ್ಟಿಗೆ, ಚೋಕನ್ನು ಒಳಕ್ಕೆ ತಳ್ಳಬೇಕು. ನಿಂತಲ್ಲೇ ಹತ್ತು ನಿಮಿಷ ಬಿಸಿ ಮಾಡುವ ಅಭ್ಯಾಸ ನನಗಂತೂ ಒಪ್ಪಿಗೆಯಿಲ್ಲ; ಮೆಲ್ಲಗೆ ಓಡಿಸಿದರೆ ಎಂಜಿನ್ ಇನ್ನೂ ಬೇಗ ಕಾಯುತ್ತದೆ. ಒಂದೆರಡು ಮೈಲಿಯೊಳಗೆ ಗುಂಡಿ ಪೂರ್ತಿ ಒಳಗಿರಬೇಕು. ಅದನ್ನು ಮರೆತು ಓಡಿಸಿದರೆ ಪ್ಲಗ್ಗುಗಳಿಗೆ ಮಸಿ ಹಿಡಿಯುವುದಷ್ಟೇ ಅಲ್ಲ, ಉರಿಯದ ಪೆಟ್ರೋಲ್ ಸಿಲಿಂಡರಿನ ಗೋಡೆಯ ಆಯಿಲನ್ನು ತೊಳೆದು ಎಂಜಿನ್ನಿನ ತಳದ ಆಯಿಲ್ ತೊಟ್ಟಿಗೆ ಇಳಿಯುತ್ತದೆ, ಪಿಸ್ಟನ್ ರಿಂಗುಗಳು ಸವೆಯುತ್ತವೆ.

ಚಾಲೂ ಆಗದಿದ್ದರೆ ಮೂಗಿಗೆ ಕೆಲಸ ಕೊಡಿ. ಪೆಟ್ರೋಲಿನ ವಾಸನೆ ಗಾಢವಾಗಿದ್ದರೆ ಓವರ್‌ಫ್ಲೋ ಆಗಿದೆ ಎಂದರ್ಥ; ಚೋಕನ್ನು ಒಳಕ್ಕೆ ತಳ್ಳಿ, ಆಕ್ಸಿಲರೇಟರನ್ನು ತಳದವರೆಗೆ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ. ವಾಸನೆಯೇ ಇಲ್ಲದಿದ್ದರೆ ಬಾನೆಟ್ ತೆರೆದು, ಒಳಗೆ ಒಬ್ಬರನ್ನು ಕೂರಿಸಿ ಚೋಕ್ ಎಳೆಸಿ, ಕಾರ್ಬ್ಯುರೇಟರ್‌ಗಳ ಅಡಿಯಲ್ಲಿ ನೋಡಿ. ಎರಡೂ ಜೆಟ್‌ಗಳು ಒಟ್ಟಿಗೇ ಇಳಿಯಬೇಕು, ಗುಂಡಿ ತಳ್ಳಿದಾಗ ಒಟ್ಟಿಗೇ ಏರಬೇಕು. ಎಷ್ಟೋ ವೇಳೆ ಒಂದು ಜೆಟ್ ಕೆಳಗೇ ಸಿಕ್ಕಿಕೊಂಡಿರುತ್ತದೆ. ಬೆರಳಿನಿಂದ ಮೇಲಕ್ಕೆ ಒತ್ತಿದರೆ ಟಕ್ ಎಂದು ಕೂರುತ್ತದೆ. ಅದು ತಾತ್ಕಾಲಿಕ ಪರಿಹಾರ, ಜೆಟ್ಟನ್ನು ಬಿಚ್ಚಿ ಶುಚಿಗೊಳಿಸಲೇಬೇಕು. ಸೆಲ್ಫ್ ಹೊಡೆದಾಗ ಚೋಕಿನ ತಂತಿ ಬಿಸಿಯಾಗುತ್ತಿದ್ದರೆ ತಪ್ಪು ಕಾರ್ಬ್ಯುರೇಟರಿನದಲ್ಲ. ರಬ್ಬರ್ ದಿಂಬಿನ ಮೇಲೆ ಕೂತಿರುವ ಎಂಜಿನ್ನಿನಿಂದ ಕಾರಿನ ಒಡಲಿಗೆ ಹೋಗುವ ಅರ್ತ್ ಪಟ್ಟಿ ಕೆಟ್ಟು, ಸ್ಟಾರ್ಟರಿನ ಕರೆಂಟೆಲ್ಲ ಆ ತೆಳು ತಂತಿಯಲ್ಲೇ ಹಾದುಹೋಗುತ್ತಿದೆ. ತಕ್ಷಣ ನಿಲ್ಲಿಸಿ.

ಇದೆಲ್ಲ ಎಚ್‌ಎಸ್4ರ ಮಾತಾಯಿತು. ಅದರ ನಂತರ ಬಂದ ಎಚ್‌ಐಎಫ್4ರಲ್ಲಿ ಜೆಟ್ ಇಳಿಯುವುದಿಲ್ಲ. ಪಕ್ಕದ ಒಂದು ತಿರುಗುವ ಕವಾಟವೇ ಹೆಚ್ಚುವರಿ ಪೆಟ್ರೋಲ್ ಬಿಡುತ್ತದೆ. ಜಾಗ್ವಾರ್ ಎಕ್ಸ್‌ಕೆ 120ರಲ್ಲಿ ಇದಕ್ಕೆಂದೇ ಪ್ರತ್ಯೇಕವಾದ ಪುಟ್ಟ ಕಾರ್ಬ್ಯುರೇಟರ್ ಇದ್ದು, ನೀರು ಬಿಸಿಯಾಗುವವರೆಗೂ ಬುಸುಗುಡುತ್ತಿರುತ್ತದೆ. ವೇಬರ್ ಡಿಸಿಒಇ ಕಾರ್ಬ್ಯುರೇಟರ್ ಹಾಕಿಸಿದವರು ಧಾರಾಳವಾಗಿ ಮೂರು ನಾಲ್ಕು ಸಲ ಆಕ್ಸಿಲರೇಟರ್ ತುಳಿಯಬಹುದು, ಅದರಲ್ಲಿ ಪಂಪ್ ಉಂಟು. ಇನ್ನು 1975ರಿಂದ ಅಮೆರಿಕಕ್ಕೆ ಹೋದ ಎಂಜಿಬಿಗಳಲ್ಲಿ ಒಂದೇ ಒಂದು ಜೆನಿತ್-ಸ್ಟ್ರಾಂಬರ್ಗ್ ಕಾರ್ಬ್ಯುರೇಟರ್, ತಾನಾಗಿಯೇ ನಡೆಯುವ ಚೋಕ್, ಎಳೆಯಲು ಗುಂಡಿಯೇ ಇಲ್ಲ. ಅಲ್ಲಿ ಮಾತ್ರ ಕೀಲಿ ತಿರುಗಿಸುವ ಮೊದಲು ಆಕ್ಸಿಲರೇಟರನ್ನು ಒಂದು ಸಲ ಪೂರ್ತಿ ತುಳಿದು ಬಿಡಲೇಬೇಕು, ಇಲ್ಲದಿದ್ದರೆ ಚೋಕ್ ತನ್ನ ಜಾಗಕ್ಕೆ ಬಂದು ನಿಲ್ಲುವುದಿಲ್ಲ.