ಎಂಜಿಬಿ ಕಾರಿನ ಹಿಂದಿನ ಶಾಕಪ್: ಬಿಚ್ಚುವ ಮುಂಚೆ ಎಣ್ಣೆ ನೋಡಿ

1962ರಿಂದ 1980ರವರೆಗೆ ತಯಾರಾದ ಬ್ರಿಟನ್ನಿನ ಎಂಜಿಬಿ ಸ್ಪೋರ್ಟ್ಸ್ ಕಾರಿನ ಹಿಂಭಾಗದಲ್ಲಿ ಇರುವುದು ಈಗಿನ ಕೊಳವೆಯಂಥ ಶಾಕಪ್ ಅಲ್ಲ. ಎಣ್ಣೆ ತುಂಬಿದ ಲೋಹದ ಡಬ್ಬಿ, ಅದರಿಂದ ಹೊರಚಾಚಿದ ತೋಳು. ಹಿಂದಿನ ಎರಡು ಚಕ್ರಗಳನ್ನು ಸೇರಿಸುವ ಅಡ್ಡದಂಡ, ಅಂದರೆ ಆಕ್ಸಲ್, ಏರಿಳಿದಾಗ ತೋಳು ಒಳಗಿನ ಪಿಸ್ಟನ್ ತಳ್ಳುತ್ತದೆ. ಎಣ್ಣೆ ಸಣ್ಣ ವಾಲ್ವ್‌ನಲ್ಲಿ ನುಸುಳಿ ಕುಲುಕಾಟವನ್ನು ತಡೆಯುತ್ತದೆ.

ಹಂಪ್ ದಾಟಿದ ಮೇಲೂ ಕಾರಿನ ಬೆನ್ನು ಎರಡು ಮೂರು ಸಲ ತೂಗಿತು ಅಂದಾಕ್ಷಣ ಕೊಳವೆ ಶಾಕಪ್ ಹಾಕುವ ಕಿಟ್ ತರಿಸಬೇಡಿ. ತೋಳನ್ನು ಆಕ್ಸಲ್‌ಗೆ ಸೇರಿಸುವ ಕೊಂಡಿ ಕಳಚಿ, ಕೈಯಿಂದ ಮೇಲೆ ಕೆಳಗೆ ಆಡಿಸಿ. ಬಿಗಿ ಉದ್ದಕ್ಕೂ ಒಂದೇ ಸಮ ಇರಬೇಕು. ನಡುವೆ ಎಲ್ಲೋ ಸಡಿಲವಾಗಿ ಜಾರಿದರೆ ಎಣ್ಣೆ ಇಳಿದಿದೆ. ಡಬ್ಬಿಯ ಎಣ್ಣೆ ತೂತಿನ ಮುಚ್ಚಳದ ಸುತ್ತಲ ಮಣ್ಣನ್ನು ಮೊದಲು ಚೊಕ್ಕ ಮಾಡಿ, ಇಲ್ಲದಿದ್ದರೆ ಅದೇ ವಾಲ್ವ್‌ಗೆ ಇಳಿಯುತ್ತದೆ. ತೂತಿನ ಕೆಳಅಂಚಿನವರೆಗೆ ಶಾಕಪ್ ಎಣ್ಣೆ ಹಾಕಿ, ತೋಳನ್ನು ಹತ್ತಾರು ಸಲ ಆಡಿಸಿ, ಮತ್ತೆ ತುಂಬಿ. ಎಷ್ಟೋ ಕಾರುಗಳಿಗೆ ಇಷ್ಟೇ ಸಾಕು. ತೋಳಿನ ಬುಡದಿಂದ ಎಣ್ಣೆ ಜಿನುಗುತ್ತಿದ್ದರೆ ಮಾತ್ರ ರಿಪೇರಿ, ಇಲ್ಲವೇ ಕೊಳವೆ ಶಾಕಪ್ಪಿನ ಕಿಟ್.

ಮುಂದಿನ ಚಕ್ರಗಳ ಶಾಕಪ್ ಮನೆಯಲ್ಲಿ ಮುಟ್ಟುವಂಥದ್ದಲ್ಲ. ಅಲ್ಲಿ ಶಾಕಪ್ಪಿನ ತೋಳೇ ಸಸ್ಪೆನ್ಷನ್ನಿನ ಮೇಲಿನ ತೋಳು. ಆಧಾರ ಕೊಡದೆ ಬಿಚ್ಚಿದರೆ ಅದುಮಿಟ್ಟ ಸ್ಪ್ರಿಂಗ್ ಸಿಡಿಯುತ್ತದೆ.

ಹಿಂದಕ್ಕೆ ಕಿಟ್ ಹಾಕುವುದೇ ಆದರೆ ಜಾಗ ಸಮತಟ್ಟಾಗಿರಲಿ. ಬೆಂಗಳೂರಿನ ಮನೆಗಳ ಗೇಟಿನ ಇಳಿಜಾರಾಗಲೀ, ನುಣ್ಣನೆ ಗ್ರಾನೈಟ್ ಹಾಸಾಗಲೀ ಸ್ಟ್ಯಾಂಡಿಗೆ ಆಗಿಬರುವುದಿಲ್ಲ. ಮುಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಹಿಂಭಾಗ ಎತ್ತಿ, ಚಾಸಿಗೆ ಎರಡು ಸ್ಟ್ಯಾಂಡ್ ಕೊಡಿ. ಜ್ಯಾಕ್ ಆಕ್ಸಲ್ ಕೆಳಗೇ ಇರಲಿ. ಬರೀ ಜ್ಯಾಕ್ ನಂಬಿ ಕಾರಿನಡಿ ಹೋಗುವುದು ಬೇಡವೇ ಬೇಡ.

ಬೋಲ್ಟ್‌ಗಳು ಇಂಚಿನ ಅಳತೆಯವು. 9/16 ಇಂಚೆಂದರೆ 14.29 ಮಿ.ಮೀ. 14ರ ಸ್ಪ್ಯಾನರ್ ಕೂರುವುದಿಲ್ಲ, 15ರದ್ದು ಕೂರುತ್ತದೆ, ಆದರೆ ಮೂಲೆ ಸವೆಸಿಬಿಡುತ್ತದೆ. ಇಂಚಿನ ಸೆಟ್ಟನ್ನೇ ತನ್ನಿ. ತುಕ್ಕು ಹಿಡಿದ ಬೋಲ್ಟ್‌ಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಬೆಂಗಳೂರಿನ ವಾಹನ ಬಿಡಿಭಾಗಗಳ ಪೇಟೆ ಜೆ.ಸಿ. ರಸ್ತೆಯಲ್ಲಿ ಹೊಸ ಬೋಲ್ಟ್ ಕೊಳ್ಳುವಾಗ ತಲೆಯ ಮೇಲೆ ಮೂರು ಗೆರೆ ಇದೆಯೇ ನೋಡಿ. ಅದು ಗ್ರೇಡ್ 5ರ ಗುರುತು. ಗೆರೆ ಇಲ್ಲದ ಮೆದು ಬೋಲ್ಟ್ ಇಲ್ಲಿಗೆ ಬೇಡ.

ಒಂದು ಬದಿ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಿ. ಹಳೆಯ ಡಬ್ಬಿಯ ಎರಡು ಬೋಲ್ಟ್ ತೆಗೆದು, ಅದೇ ತೂತುಗಳಿಗೆ ಕಿಟ್ಟಿನ ಮೇಲಿನ ಬ್ರಾಕೆಟ್ ಕೂರಿಸಿ. ಕೆಳಗಿನ ಬ್ರಾಕೆಟ್ ಲೀಫ್ ಸ್ಪ್ರಿಂಗಿನ ಪ್ಲೇಟಿನ ಕಡೆ. ಆಕ್ಸಲ್ಲಿನ ಇಳಿತಕ್ಕೆ ಮಿತಿ ಹಾಕುವ ಪಟ್ಟಿಯನ್ನು ತೆಗೆಯಬೇಡಿ. ಅದಿಲ್ಲದಿದ್ದರೆ ಆ ಎಳೆತವೆಲ್ಲ ಶಾಕಪ್ಪಿನ ಮೇಲೆ. ಜ್ಯಾಕಿನಿಂದ ಆಕ್ಸಲ್ ನಿಧಾನವಾಗಿ ಏರಿಸಿ ನೋಡಿ: ರಬ್ಬರ್ ತಡೆಗೆ ಆಕ್ಸಲ್ ತಾಗುವ ಮುಂಚೆಯೇ ಶಾಕಪ್ ಪೂರ್ತಿ ಮಡಚಿದರೆ ಅದರ ಉದ್ದ ಹೆಚ್ಚಾಯಿತು. ಸೈಲೆನ್ಸರ್ ಪೈಪಿಗೆ ಉಜ್ಜುತ್ತದೆಯೇ ಅನ್ನುವುದನ್ನೂ ಆಗಲೇ ಕಂಡುಕೊಳ್ಳಿ.

ಬುಷ್ (ರಬ್ಬರ್ ಬಳೆ) ಇರುವ ನಟ್‌ಗಳನ್ನು ಸದ್ಯಕ್ಕೆ ಕೈಬಿಗಿ ಮಾತ್ರ ಮಾಡಿ. ಆಕ್ಸಲ್ ನೇತಾಡುವಾಗಲೇ ಬಿಗಿದರೆ, ಕಾರು ಇಳಿದಾಗ ರಬ್ಬರ್ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ. ಚಕ್ರ ನೆಲ ಮುಟ್ಟಿ, ಕಾರು ತನ್ನ ಎತ್ತರಕ್ಕೆ ಕೂತ ಮೇಲೆ ಬಿಗಿ ಅಳೆಯುವ ಟಾರ್ಕ್ ರೆಂಚ್ ಹಿಡಿಯಿರಿ.

ಬಿಗಿ ಹೊಂದಿಸುವ ತಿರುಪು ಇರುವ ಶಾಕಪ್ ಆದರೆ ಎರಡೂ ಬದಿ ಅತಿ ಮೆದುವಿನಿಂದ ಶುರು ಮಾಡಿ, ಒಂದೊಂದೇ ಹಂತ ಏರಿಸಿ. ಮೊದಲ ದಿನವೇ ಗಟ್ಟಿಗೆ ತಿರುಗಿಸಿದರೆ ನಮ್ಮ ರಸ್ತೆಯ ಗುಂಡಿಗಳಲ್ಲಿ ಹಿಂದಿನ ಚಕ್ರ ನೆಲ ಹಿಡಿಯುವ ಬದಲು ಕುಪ್ಪಳಿಸುತ್ತದೆ. ಸುಮಾರು 100 ಕಿ.ಮೀ. ಓಡಿಸಿದ ಮೇಲೆ ಎಲ್ಲ ನಟ್‌ಗಳಿಗೂ ಇನ್ನೊಮ್ಮೆ ರೆಂಚ್ ಹಾಕಿ ನೋಡಿ.